ತಟ್ಟೆ ಬಡಿದವಳು

ಬಾತುಕೋಳಿ ಕದಿಯುತ್ತಿರುವವನು ನನ್ನ ಮೈದುನನೇ ಎಂದು ಮೊದಲ ವಾರದಲ್ಲೇ ನನಗೆ ಗೊತ್ತಾಗಿತ್ತು. ಗೊತ್ತಾಗಿತ್ತು ಅಂದರೆ ಅನುಮಾನ ಬಂದಿತ್ತು. ನನ್ನ ಮಟ್ಟಿಗೆ ಅವೆರಡಕ್ಕೂ ಅಂಥ ದೂರವೇನಿಲ್ಲ.

ನಮ್ಮದು ಊರಿಗೆ ಕುಡಿಯುವ ನೀರು ಕೊಡುವ ಕೆರೆ. ಮೈದುನನಿಗೆ ಪಂಪ್ ಮನೆಯಲ್ಲಿ ಕೆಲಸ, ನನಗೆ ದಡದಲ್ಲಿ. ನನ್ನ ಕೆಲಸ ಏನೆಂದು ಕೇಳಿದವರು ನಗುತ್ತಾರೆ: ದಿನಾ ಬೆಳಿಗ್ಗೆ ಕೆರೆಯ ಬಾತುಗಳನ್ನು ಎಣಿಸಿ ಪುಸ್ತಕದಲ್ಲಿ ಬರೆಯುವುದು. ನೀರು ಕೆಟ್ಟರೆ ಮೊದಲು ಹಕ್ಕಿಗಳಿಗೆ ಗೊತ್ತಾಗುತ್ತದೆ, ಊರಿಗೆ ಆಮೇಲೆ. ನನಗಿಂತ ಮುಂಚೆ ಇದ್ದವನು ದುರ್ಬೀನು ಹಿಡಿದು ಒಂದೂವರೆ ಗಂಟೆ ಕೆರೆ ಸುತ್ತುತ್ತಿದ್ದ, ಒಂದೇ ಬಾತನ್ನು ಎರಡು ಸಲ ಎಣಿಸುತ್ತಿದ್ದ. ನಾನು ಬಂದ ತಿಂಗಳಲ್ಲೇ ಒಂದು ಉಪಾಯ ಹೂಡಿದೆ. ಕೆರೆಯ ಮೆಟ್ಟಿಲ ಮೇಲೆ ನಿಂತು ತಗಡಿನ ತಟ್ಟೆಗೆ ಚಮಚದಿಂದ ಏಳು ಸಲ ಬಡಿಯುವುದು, ಹಳೇ ಬ್ರೆಡ್ಡಿನ ಚೂರು ಎಸೆಯುವುದು. ಹದಿನೈದೇ ದಿನಕ್ಕೆ ಕೆರೆಯ ಬಾತುಗಳೆಲ್ಲ ನನ್ನ ಕಾಲಡಿಗೆ ಬಂದವು. ಹತ್ತು ನಿಮಿಷಕ್ಕೆ ಎಣಿಕೆ ಮುಗಿಸಿ, ಬೆನ್ನು ತಿರುಗಿಸಿ, ಆಫೀಸಿಗೆ ಹೋಗಿ ಕೂರುತ್ತಿದ್ದೆ. ಇಂಜಿನಿಯರ್ ಸಾಹೇಬರು ಎಲ್ಲರೆದುರು ಹೊಗಳಿದರು. ಆವತ್ತಿನಿಂದ ನನ್ನ ಕಾಲು ನೆಲದ ಮೇಲೆ ನಿಂತಿರಲಿಲ್ಲ ಎಂದು ನನ್ನ ಗಂಡ ಈಗಲೂ ಆಡಿಕೊಳ್ಳುತ್ತಾನೆ.

ಬಾತುಗಳು ಕಡಿಮೆಯಾಗತೊಡಗಿದ್ದು ಎರಡು ವರ್ಷದ ಮೇಲೆ. ನಲವತ್ತೊಂದಿದ್ದದ್ದು ಮೂವತ್ತೇಳಾಯಿತು, ಮೂವತ್ತಾಯಿತು. ಸತ್ತ ಹಕ್ಕಿ ಒಂದೂ ತೇಲಲಿಲ್ಲ. ಅಂದ ಮೇಲೆ ನೀರಿನ ದೋಷವಲ್ಲ, ಕೈಯ ದೋಷ. ಯಾರ ಕೈ?

ನನ್ನ ಮೈದುನ ಗುಮ್ಮನ ಗುಸುಕ. ಹತ್ತು ಮಾತಿಗೆ ಒಂದು ಮಾತು, ಅದೂ ನೆಲ ನೋಡಿಕೊಂಡು. ಮೂರು ವರ್ಷದಿಂದ ಹಂಗಾಮಿಯಾಗಿ ದುಡಿಯುತ್ತಿದ್ದ. ಆ ತಿಂಗಳ ಕೊನೆಗೆ ಅವನ ಕೆಲಸ ಕಾಯಂ ಆಗುವುದಿತ್ತು. ಒಂದೇ ಒಂದು ದೂರು ಬಂದರೂ ಪಟ್ಟಿಯಿಂದ ಹೆಸರು ಹೋಗುತ್ತಿತ್ತು, ಮತ್ತೆ ಬರುತ್ತಿರಲಿಲ್ಲ. ಹೀಗಿರುವಾಗ ಅವನ ಅಂಗಿಯ ತೋಳಿಗೆ ಬಾತಿನ ಪುಕ್ಕ ಅಂಟಿದ್ದನ್ನು ಕಂಡೆ. ಮರುದಿನ ಮೊಣಕಾಲಿನವರೆಗೆ ಒದ್ದೆಯಾದ ಪ್ಯಾಂಟು. ಅದರ ಮರುದಿನ, ಯಾವತ್ತೂ ತೆರೆದಿರುತ್ತಿದ್ದ ಪಂಪ್ ಮನೆಯ ಹಿಂದಿನ ಕೋಣೆಗೆ ಹೊಸ ಬೀಗ.

ನಾನು ಸುಮ್ಮನಿರುವವಳೇ? ಅವನು ಊಟಕ್ಕೆ ಹೋದಾಗ ಇಟ್ಟಿಗೆ ಮೇಲೆ ಹತ್ತಿ ಕಿಟಕಿಯಲ್ಲಿ ಇಣುಕಿದೆ. ಮೂಲೆಯಲ್ಲಿ ಗೋಣಿಚೀಲ, ಸುತ್ತ ಪುಕ್ಕ, ನೆಲದ ಮೇಲೆ ಒಣಗಿದ ರಕ್ತ. ನನ್ನ ಎದೆ ಧಸಕ್ಕೆಂದಿತು. ಅದರ ಜೊತೆಗೇ, ಸುಳ್ಳು ಯಾಕೆ ಹೇಳಲಿ, ನನ್ನ ಕಣ್ಣು ಮೋಸ ಹೋಗಲಿಲ್ಲವಲ್ಲ ಎಂದು ಸ್ವಲ್ಪ ಖುಷಿಯೂ ಆಯಿತು.

ಅದೇ ವಾರ ಅವನು ಮೆಟ್ಟಿಲ ಹತ್ತಿರ ಬಂದು ನಿಂತ.

"ಅತ್ತಿಗೆ, ಈ ತಟ್ಟೆ ಬಡಿಯೋದು ಬಿಟ್ಬಿಡಿ."

"ಯಾಕಪ್ಪಾ?"

"ನೀರಲ್ಲಿ ಏನೋ ಇದೆ ಅನ್ಸುತ್ತೆ."

"ನೀರಲ್ಲಿ ನೀರಿದೆ. ಹೋಗಿ ನಿನ್ನ ಕೆಲಸ ನೋಡು," ಎಂದೆ. ಎಣಿಕೆ ನಿಂತರೆ ಕಳ್ಳನಿಗೆ ಹಬ್ಬ ಎಂದು ನನಗೆ ತಿಳಿಯದೇ? ತಿರುಗಿ ಆಫೀಸಿನ ಕಡೆ ನಡೆದೆ. ಬೆನ್ನ ಹಿಂದೆ ದೊಪ್ಪೆಂದು ನೀರಿನ ಸದ್ದಾಯಿತು. ಚೂರಿಗಾಗಿ ಬಾತುಗಳ ಜಗಳ, ದಿನಾ ಇದ್ದದ್ದೇ.

ರಾತ್ರಿ ಗಂಡನಿಗೆ ಹೇಳಿದೆ. "ಅವನನ್ನೇ ಒಂದ್ಸಲ ಕೇಳಿ ನೋಡೇ," ಎಂದ.

"ಕೇಳಿದ್ರೆ ಹೌದು ನಾನೇ ತಿಂದೆ ಅಂತ ತೇಗಿ ತೋರಿಸ್ತಾನಾ?" ಎಂದೆ. ಮರುದಿನವೇ ಸಾಹೇಬರಿಗೆ ಕಾಗದ ಬರೆದುಕೊಟ್ಟೆ. ಪುಕ್ಕ, ಪ್ಯಾಂಟು, ಬೀಗ, ಗೋಣಿಚೀಲ, ಒಂದನ್ನೂ ಬಿಡಲಿಲ್ಲ. ಸಂಜೆಯೊಳಗೆ, ಕೋಣೆಯನ್ನು ತೆರೆದೂ ನೋಡದೆ, ಮೈದುನನಿಂದ ಬೀಗದ ಕೈ ಕಿತ್ತುಕೊಂಡು ಮನೆಗೆ ಕಳಿಸಿದರು. ಅವನು ನನ್ನ ಮುಂದೆಯೇ ಹಾದು ಹೋದ. ಕಂಕುಳಲ್ಲಿ, ಬೀಗದ ಕೈ ಕೊಡುವ ಮುಂಚೆ ತೆಗೆದುಕೊಂಡಿದ್ದ ಆ ಗೋಣಿಚೀಲ. ಅದು ಅಲುಗಾಡುತ್ತಿತ್ತು.

ಅವನು ಹೋದ ದಿನ ಇಪ್ಪತ್ತಾರು ಬಾತುಗಳಿದ್ದವು. ಮರುದಿನ ಇಪ್ಪತ್ತೈದು. ಅದರ ಮರುದಿನ ಇಪ್ಪತ್ನಾಲ್ಕು.

ಆವತ್ತು ಎಣಿಸಿದ ಮೇಲೆ ಬೆನ್ನು ತಿರುಗಿಸಲಿಲ್ಲ. ಮೆಟ್ಟಿಲ ಮೇಲೇ ಕೂತೆ. ಬ್ರೆಡ್ಡು ಮುಗಿದು ಬಾತುಗಳು ಚದುರತೊಡಗಿದವು. ಹಿಂದೆ ಉಳಿದ ಮರಿಬಾತೊಂದು ಕೊನೆಯ ಚೂರಿಗೆ ಕೊಕ್ಕು ಹಾಕಿತು. ಅದರ ಅಡಿಯ ನೀರು ಕಪ್ಪಾಯಿತು. ಅಗಲವಾದ ಒಂದು ಬಾಯಿ, ಬಾಯಿಯ ಎರಡು ಕಡೆ ಹಗ್ಗದಂಥ ಮೀಸೆ. ದೊಪ್! ಮರಿಯೂ ಇಲ್ಲ, ಚೂರೂ ಇಲ್ಲ. ಉಂಗುರ ಉಂಗುರವಾಗಿ ನೀರು ದಡಕ್ಕೆ ಬಂದು ನನ್ನ ಚಪ್ಪಲಿ ಮುಟ್ಟಿತು.

ಎರಡು ವರ್ಷ ನಾನು ಬ್ರೆಡ್ಡು ಹಾಕಿದ್ದು ಬಾತುಗಳಿಗೆ ಮಾತ್ರವಲ್ಲ. ತಟ್ಟೆಯ ಸದ್ದು ಕಲಿತದ್ದೂ ಅವಷ್ಟೇ ಅಲ್ಲ.

ಸಾಹೇಬರ ಹತ್ತಿರ ಓಡಿದೆ. ಅವರು ಕನ್ನಡಕ ಕೆಳಗಿಳಿಸಿ ನೋಡಿದರು. "ಮೀನು ಬಾತು ತಿನ್ನುತ್ತಾ? ಮೊನ್ನೆ ಮೈದುನ ಕಳ್ಳ ಅಂದ್ರಿ, ಇವತ್ತು ಮೀನು ಅಂತೀರಿ. ಮನೇಲಿ ಜಗಳ ಆಯ್ತಾ? ಅವನನ್ನ ಉಳಿಸೋಕೆ ಕಥೆ ಕಟ್ತಿದೀರಾ?"

ಅನುಮಾನದ ಕಣ್ಣು ನಮ್ಮ ಕಡೆ ತಿರುಗಿದಾಗ ಹೇಗಿರುತ್ತದೆಂದು ಆವತ್ತು ಗೊತ್ತಾಯಿತು.

"ನಾಳೆ ತೋರ್ಸಿ. ನಾಡಿದ್ದು ಪಟ್ಟಿ ಹೋಗುತ್ತೆ," ಎಂದರು.

ತೋರಿಸುವುದೆಂದರೆ ಒಂದು ಬಾತನ್ನು ಬಲಿ ಕೊಡುವುದು. ಇನ್ನು ಇಪ್ಪತ್ತಮೂರೇ ಇದ್ದವು. ಮನೆಗೆ ಹೋಗಿ ಎಲ್ಲವನ್ನೂ ಗಂಡನಿಗೆ ಹೇಳಿದೆ. ಕೆಲಸದಿಂದ ಕಳಿಸಿದ ದಿನದಿಂದ ಮೈದುನ ಪಕ್ಕದ ಕೋಣೆಯಲ್ಲಿ ಬಾಗಿಲು ಹಾಕಿಕೊಂಡಿದ್ದ. ಕೇಳಿಸಿಕೊಂಡಿರಬೇಕು. ಅವನ ಮುಖ ನೋಡುವ ಧೈರ್ಯ ನನಗಾಗಲಿಲ್ಲ.

ಬೆಳಿಗ್ಗೆ ಸಾಹೇಬರು ಕೈಕಟ್ಟಿ ನಿಂತರು. ನಾನು ತಟ್ಟೆ ಎತ್ತಿದೆ. ಒಂದು, ಎರಡು, ಮೂರು. ಏಳೂ ಮುಗಿದವು. ಒಂದು ಬಾತೂ ಬರಲಿಲ್ಲ. ತಲೆಯೆತ್ತಿ ನೋಡಿದರೆ ಆಚೆ ದಡದ ಒಣನೆಲದ ಮೇಲೆ ಅಷ್ಟೂ ಬಾತುಗಳು ಗುಂಪುಗೂಡಿದ್ದವು. ನಡುವೆ ಮೈದುನ ಕುಕ್ಕರಗಾಲಿನಲ್ಲಿ ಕೂತು ಕಾಳು ಚೆಲ್ಲುತ್ತಿದ್ದ. ಅವನ ತೊಡೆಯ ಮೇಲೆ ಕಾಲಿಗೆ ಬಟ್ಟೆ ಸುತ್ತಿದ ಒಂದು ಬಾತು.

"ಎಲ್ಲಿ ನಿಮ್ಮ ಮೀನು?" ಎಂದರು ಸಾಹೇಬರು, ಮತ್ತು ತಟ್ಟನೆ ಎರಡು ಮೆಟ್ಟಿಲು ಹಿಂದಕ್ಕೆ ಹಾರಿದರು. ನಮ್ಮ ಕಾಲಡಿಯಲ್ಲಿ ನೀರು ತೆರೆದುಕೊಂಡಿತ್ತು. ಒಂದಲ್ಲ, ಮೂರು ಬಾಯಿ. ಏನೂ ಸಿಗದೆ ಅವು ಬರೀ ನೀರನ್ನೇ ನುಂಗುತ್ತಿದ್ದವು.

"ಇವಕ್ಕೆ ಯಾರು ಹೀಗೆ ಅಭ್ಯಾಸ ಮಾಡ್ಸಿದ್ದು?"

"ನಾನೇ," ಎಂದೆ. ಅಲ್ಲೇ ಕೂತು ಹಾಗೆಯೇ ಬರೆದುಕೊಟ್ಟೆ. ಪಟ್ಟಿಯಲ್ಲಿ ಅವನ ಹೆಸರು ಉಳಿಯಿತು, ಬೀಗದ ಕೈಯೂ ವಾಪಸ್ ಸಿಕ್ಕಿತು. ತಟ್ಟೆ ಹೋಯಿತು, ನನ್ನ ಕೈಗೆ ಹಳೇ ದುರ್ಬೀನು ಬಂತು.

ಮೈದುನ ಕೆರೆ ಸುತ್ತಿ ಬಂದ. "ತಪ್ಪಾಯ್ತಪ್ಪ," ಎಂದೆ.

ಅವನು ಎಂದಿನಂತೆ ನೆಲ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದ.

"ಅಂಗಿ ನೋಡಿದ್ರಿ, ನಾಯಿ ನುಗ್ಗದಿರಲಿ ಅಂತ ಹಾಕಿದ ಬೀಗ ನೋಡಿದ್ರಿ, ಇಟ್ಟಿಗೆ ಇಟ್ಕೊಂಡು ಕಿಟಕೀಲಿ ಇಣುಕಿದ್ರಿ. ಬಾಗ್ಲು ತಟ್ಟಿ ಏನೋ ಇದು ಅಂತ ಕೇಳಿದ್ರೆ, ತೆಗೆದು ಈ ಗಾಯದ ಬಾತು ತೋರಿಸ್ತಿದ್ದೆ ಅತ್ತಿಗೆ."

ಬಾತನ್ನು ಎತ್ತಿಕೊಂಡು ಪಂಪ್ ಮನೆಗೆ ನಡೆದ. ಹಿಂದಿನ ಕೋಣೆಯ ಬಾಗಿಲನ್ನು ಆವತ್ತು ಅಗಲವಾಗಿ ತೆರೆದು ಹಾಗೇ ಬಿಟ್ಟಿದ್ದ. ನಾನು ಹೊರಗೇ ನಿಂತಿದ್ದೆ.