ಅಕ್ಕನ ಬೀರುವಿನ ಕಳ್ಳಖಾನೆ

ಅಕ್ಕನ ಮದುವೆಗೆ ನಾನೇ ನಕ್ಷೆ ಬರೆದು, ನಾನೇ ಕೊಯ್ದು ಮಾಡಿಕೊಟ್ಟ ಮರದ ಬೀರು ಅದು. ಅದರಲ್ಲಿ ಕಳ್ಳಖಾನೆ ಇದೆಯೆಂದು ಹೇಗೋ ತಿಳಿದ ಅವಳ ಅತ್ತೆ ನನ್ನನ್ನು ಕರೆಸಿದ್ದರು. ಬೆಳಗಿನಿಂದ ನನ್ನ ಅಂಗಡಿಯಲ್ಲಿ ಮರಕ್ಕೆ ಹತ್ತರಿ ಹೊಡೆದು ತೋಳು ಸೇದುತ್ತಿತ್ತು. ಭಾವ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ. ಅಕ್ಕ ಗೋಡೆಗೆ ಒರಗಿ ನೆಲ ನೋಡುತ್ತಿದ್ದಳು.

“ತೆಗಿಯಪ್ಪಾ. ನಮ್ಮನೇಲಿ ನಮಗೇ ಗೊತ್ತಿಲ್ಲದ ಜಾಗ ಇರಬಾರದು,” ಎಂದರು ಅತ್ತೆ.

“ಬೀರು ಅಕ್ಕಂದು,” ಎಂದೆ.

“ಬಾಯಿಗೂ ಒಂದು ಚಿಲಕ ಮಾಡ್ಕೋಬೇಕಿತ್ತು ನೀನು,” ಎಂದು ಭಾವ ನಕ್ಕ.

ಹಲ್ಲು ಕಚ್ಚಿಕೊಂಡು ಕೆಳಗಿನ ಪಟ್ಟಿಯನ್ನು ಎಡಕ್ಕೆ ಸರಿಸಿದೆ. ಸಣ್ಣ ಖಾನೆಯೊಂದು ಹೊರಬಂತು. ಒಳಗೆ ಎರಡು ಹೇರ್‌ಪಿನ್ನು. ಅತ್ತೆ ಬೆರಳು ಹಾಕಿ ಮೂಲೆಮೂಲೆ ತಡವಿದರು.

“ಇಷ್ಟೇನಾ?”

“ಇಷ್ಟೇ.”

ಅದನ್ನು ಮಾಡಿದ್ದೇ ಸಿಗಲಿ ಅಂತ. ಒಂದು ಸಿಕ್ಕಿಬಿಟ್ಟರೆ ಹುಡುಕುವವರ ಕೈ ಅಲ್ಲಿಗೇ ನಿಲ್ಲುತ್ತದೆ. ನಿಜವಾದ ಖಾನೆ ಅದರ ಹಿಂದಿನ ಹಲಗೆಯೊಳಗಿತ್ತು. ಅದು ಅಕ್ಕನಿಗೂ ನನಗೂ ಮಾತ್ರ ಗೊತ್ತು.

ಗೇಟಿನವರೆಗೆ ಬಂದ ಅಕ್ಕನನ್ನು, “ಹಿಂದಿನದರಲ್ಲಿ ಏನಿಟ್ಟಿದೀಯೆ?” ಎಂದು ಮೆಲ್ಲಗೆ ಕೇಳಿದೆ.

“ಏನೂ ಇಲ್ಲ ಕಣೋ. ಇಡೋಕೆ ನಂದು ಅಂತ ಏನಿದೆ? ಇವರ ಕೈ ತಾಗದ ಜಾಗ ಒಂದಿದೆ ಅಂದ್ಕೊಂಡ್ರೆ ನಿದ್ದೆ ಬರುತ್ತೆ, ಅಷ್ಟೆ.”

ನನಗೆ ಮೈಯೆಲ್ಲ ಉರಿಯಿತು. “ನಾಳೆ ಬಂದು ಅದನ್ನ ಇನ್ನೂ ಭದ್ರ ಮಾಡ್ತೀನಿ,” ಎಂದೆ.

“ಬರಬೇಡ್ವೋ,” ಎಂದಳು ಅಕ್ಕ, ಸುಸ್ತಾದ ದನಿಯಲ್ಲಿ. “ನೀನು ಬಂದ್ರೆ ಮತ್ತೆ ಹುಡುಕೋಕೆ ಶುರು ಮಾಡ್ತಾರೆ.”

ಉಳಿಯ ಚೀಲ ಹೆಗಲಿಗೇರಿಸಿಕೊಂಡು ನಡೆದೆ. ಗೇಟನ್ನು ಅವಳೇ ಮುಚ್ಚಿಕೊಂಡಳು.