ಗೆರೆ ಹೊತ್ತ ಮೇಜು

ನಾನು ಒಂದು ಮೇಜು. ಊಟಕ್ಕೂ ಅಲ್ಲ, ಬರೆಯುವುದಕ್ಕೂ ಅಲ್ಲ. ನನ್ನ ಮೇಲೆ ರೋಬೋಟುಗಳು ಓಡುತ್ತವೆ. ಇದನ್ನು ಹೇಳುವಾಗ ಸ್ವಲ್ಪ ಜಂಬ ಬಂದರೆ ಮನ್ನಿಸಬೇಕು. ನನ್ನ ಜೊತೆ ಹುಟ್ಟಿದವೆಲ್ಲ ಈಗ ಕಲ್ಯಾಣ ಮಂಟಪದಲ್ಲಿ ಸಾರಿನ ಬಕೆಟ್ ಹೊರುತ್ತಿವೆ.

ನನ್ನನ್ನು ಮಾಡಿದವರು ಹಳೇ ಹುಬ್ಬಳ್ಳಿಯ ಮೌನೇಶ ಬಡಿಗೇರ. ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲದ ಪ್ಲೈವುಡ್, ಆರು ಕಾಲು. "ಇದರ ಮ್ಯಾಲ ಮಷಿನ್ನು ತಾನ ಓಡತೈತಂತ" ಎಂದು ಅವರು ಹೆಂಡತಿಗೆ ಹೇಳಿದರು. ಆಕೆ ನಂಬಲಿಲ್ಲ. ಇಂಜಿನಿಯರಿಂಗ್ ಕಾಲೇಜಿನವರು ನನ್ನನ್ನು ಟೆಂಪೋದಲ್ಲಿ ಒಯ್ದು, ಮೈಮೇಲೆ ಬಿಳಿ ಫ್ಲೆಕ್ಸ್ ಹಾಸಿದರು. ಅದರ ಮೇಲೆ ಅಂಕುಡೊಂಕಾದ ಒಂದು ಕಪ್ಪು ಗೆರೆ. ಜಿಲ್ಲೆಯ ಹೈಸ್ಕೂಲು ಮಕ್ಕಳು ಕಟ್ಟಿದ ರೋಬೋಟು ಆ ಗೆರೆ ಬಿಡದೆ ಕೊನೆ ಮುಟ್ಟಬೇಕು. ಒಮ್ಮೆ ಗೆರೆ ಬಿಟ್ಟರೆ ತಂಡ ಮನೆಗೆ. ಅದೇ ನಿಯಮ.

ಸ್ಪರ್ಧೆಗೆ ಮೊದಲು ಉದ್ಘಾಟನೆ. ದೀಪವನ್ನು ನನ್ನ ಮೇಲೆಯೇ, ಗೆರೆ ಶುರುವಾಗುವ ಕಡೆ ಇಡುತ್ತಿದ್ದರು. ದೀಪ, ರೋಬೋಟು, ಅತಿಥಿ ಎಲ್ಲ ಒಂದೇ ಫೋಟೊದಲ್ಲಿ ಬರಬೇಕಲ್ಲ. ಎರಡು ತಾಸಿನ ಭಾಷಣ ಮುಗಿಯುವಷ್ಟರಲ್ಲಿ ಎಣ್ಣೆ ಸೋರಿರುತ್ತಿತ್ತು. ಜವಾನ ಫಕೀರಪ್ಪ ದೀಪ ಎತ್ತಿಟ್ಟು, ಹೆಗಲ ಮೇಲಿನ ಟವೆಲ್ಲಿನಿಂದ ನನ್ನನ್ನು ಅಕ್ಕರೆಯಿಂದ ಒರೆಸುತ್ತಿದ್ದ. ಒರೆಸಿದಷ್ಟೂ ಎಣ್ಣೆ ಹರಡುತ್ತಿತ್ತು. ನೋಡಿದವರಿಗೆ ಫ್ಲೆಕ್ಸ್ ಹೊಳೆಯುತ್ತಿದೆ ಎನಿಸುತ್ತಿತ್ತು, ಅಷ್ಟೆ.

ತಂಡಗಳನ್ನು ಊರಿನ ಹೆಸರಿನ ಅಕಾರಾದಿಯಲ್ಲಿ ಕರೆಯುವುದು ರೂಢಿ. ಹೀಗಾಗಿ ಮೊದಲ ಸರದಿ ಯಾವಾಗಲೂ ಅಣ್ಣಿಗೇರಿಯ ಮೂವರು ಹುಡುಗಿಯರದು. ಅವರ ರೋಬೋಟು ಒಂದು ಗೇಣು ಹೋಗಿ ಜಾರಿತು, ಗೆರೆ ಬಿಟ್ಟಿತು. ಮರುವರ್ಷವೂ ಅಷ್ಟೇ. ಎರಡು ಮೂರು ತಂಡಗಳ ಚಕ್ರಗಳು ಎಣ್ಣೆ ಒರೆಸಿಕೊಂಡು ಹೋದ ಮೇಲೆ ಉಳಿದವರು ಸರಾಗವಾಗಿ ಓಡಿದರು. ಹುಡುಗಿಯರು ಹೆದರಿದರು ಎಂದು ಜನ ಮಾತಾಡಿಕೊಂಡರು. ತಪ್ಪು ನನ್ನ ಮೈಮೇಲಿತ್ತು, ಹೇಳಲು ನನಗೆ ಬಾಯಿರಲಿಲ್ಲ. ತುಂಬ ನಾಚಿಕೆಯಾಯಿತು.

ಎರಡನೆಯ ಸೋಲಿನ ನಂತರದ ಜೂನ್‌ನಲ್ಲಿ ಸ್ಪರ್ಧೆಯ ನಿಯಮ ಬದಲಿಸಬೇಕೆ ಎಂದು ಸಭೆ ಸೇರಿತು. ಬೇರೆ ದೊಡ್ಡ ಮೇಜು ಇಲ್ಲದ್ದರಿಂದ ನನ್ನ ಸುತ್ತಲೇ ಕುರ್ಚಿ ಹಾಕಿದರು. ನನಗೆ ಜನರ ಮುಖಕ್ಕಿಂತ ಮೊಣಕಾಲಿನ ಪರಿಚಯ ಹೆಚ್ಚು. ಸ್ಪರ್ಧೆ ನಡೆಸುವ ಇಟಗಿ ಸರ್ ಅವರ ಮೊಣಕಾಲು ಆಗಲೇ ಕುಣಿಯುತ್ತಿತ್ತು. ಅವರಿಗೆ ಬದಲಾವಣೆ ಬೇಕಿರಲಿಲ್ಲ.

ಅಣ್ಣಿಗೇರಿಯ ಶೈಲಜಾ ಟೀಚರ್ ಶುರುಮಾಡಿದರು. "ಸರ, ಎಲ್ಲಾರಿಗೂ ಮೂರು ಸರದಿ ಕೊಡ್ರಿ. ಮೂರರಾಗ ಚಲೋದನ್ನ ಹಿಡೀರಿ. ನಮ್ಮ ಹುಡುಗ್ಯಾರು ಆರರ ಬಸ್ಸಿಗೆ ಬಂದು ಅರ್ಧ ನಿಮಿಷದಾಗ ವಾಪಸ್ ಹೊಂಟ್ರು. ನಿಯಮ ಹಿಂಗ ಇದ್ರ ಇನ್ನ ಕಳಸೂದಿಲ್ಲ ಅಂತ ಹೆಡ್‌ಮಾಸ್ತರ್ರು ಹೇಳ್ಯಾರ."

"ನಲವತ್ತು ತಂಡ ಅದಾವ ಮೇಡಂ. ಅಷ್ಟು ಹೊತ್ತು ಎಲ್ಲಿಂದ ತರೂದು?" ಎಂದರು ಇಟಗಿ ಸರ್.

ಮಕ್ಕಳ ಮಾತೂ ಕೇಳೋಣವೆಂದು ಅಣ್ಣಿಗೇರಿ ತಂಡದ ಅನ್ನಪೂರ್ಣಾ ಕಮ್ಮಾರಳನ್ನು ಕರೆಸಿದ್ದರು. ಅವಳು ಎದ್ದು ನಿಂತಳು. "ಸರ, ಹ್ವಾದ ವರ್ಷ ಸೋತ ಮ್ಯಾಲ ಚಕ್ರ ಒರಸಿದೆ. ಕೈಗೆ ಎಣ್ಣಿ ಹತ್ತಿತು. ದೀಪದ ಎಣ್ಣಿ."

"ಅವಾಗ ಯಾಕ ಹೇಳಲಿಲ್ಲವ್ವಾ?" ಎಂದರು ಇಟಗಿ ಸರ್.

"ಸೋತವರು ನೆಪ ಹೇಳ್ತಾರ ಅಂತೀರಿ ಅಂತ ಸುಮ್ನಾದೆ."

ಚಹಾ ಹಿಡಿದು ಬಂದಿದ್ದ ಫಕೀರಪ್ಪ ಬಾಗಿಲಲ್ಲೇ ನಿಂತುಬಿಟ್ಟ. "ನಾನ ಒರಸಿದ್ದೆ ಸರ. ಬಾಳ ತಿಕ್ಕಿ ಒರಸಿದ್ದೆ" ಎಂದ. ಯಾರೂ ಅವನನ್ನು ಬೈಯಲಿಲ್ಲ. ಇಟಗಿ ಸರ್ ನನ್ನ ಮೇಲೆ ಬೆರಳು ಉಜ್ಜಿ ನೋಡಿದರು.

"ಹಂಗಾದ್ರ ದೀಪ ಬ್ಯಾರೆ ಕಡೆ ಇಟ್ರ ಮುಗೀತು. ಮೂರು ಸರದಿ ಯಾಕ?" ಎಂದು ಅವರು ಕೇಳಿದರು. ಮಾತಿನಲ್ಲಿ ನ್ಯಾಯವಿತ್ತು. ನನಗೆ ಜೀವ ಹೋದಂತಾಯಿತು.

ಅನ್ನಪೂರ್ಣಾ ಇನ್ನೂ ಕುಳಿತಿರಲಿಲ್ಲ. "ನಮ್ಮದು ಎಣ್ಣಿ ಅಂತ ಈಗ ಗೊತ್ತಾತು ಸರ. ಸೋತು ಹ್ವಾದ ಉಳಿದವರದು ಏನಿತ್ತೋ ಯಾರಿಗೆ ಗೊತ್ತು? ಒಂದ ಸಲ ಓಡಿಸಿದ್ರ ತಪ್ಪು ಎಲ್ಲೈತಿ ಅಂತ ನಮಗೂ ತಿಳಿಯೂದಿಲ್ಲ, ನಿಮಗೂ ತಿಳಿಯೂದಿಲ್ಲ."

ಇಟಗಿ ಸರ್ ಅವರ ಮೊಣಕಾಲು ನಿಂತಿತು. ಅವರು, "ಉದ್ಘಾಟನೆ ಅರ್ಧ ತಾಸಿನಾಗ ಮುಗಿಸೋಣ. ಹೊತ್ತು ಅಲ್ಲೇ ಸಿಗತೈತಿ" ಎಂದರು. ಅತಿಥಿಗಳು ಸಿಟ್ಟಾದರೆ ಎಂದು ಯಾರೋ ಕೇಳಿದರು. "ಆಗಲಿ" ಎಂದರು ಸರ್.

ಮುಂದಿನ ಸ್ಪರ್ಧೆಯಲ್ಲಿ ದೀಪ ಸ್ಟೂಲಿನ ಮೇಲಿತ್ತು, ಸರದಿಯನ್ನು ಚೀಟಿ ಎತ್ತಿ ಹಂಚಿದರು. ಅಣ್ಣಿಗೇರಿಯವರ ಮೊದಲ ಓಟದಲ್ಲಿ ಚಕ್ರವೇ ಕಳಚಿ ಬಿತ್ತು. ಆ ಸಲ ಎಣ್ಣೆಯ ತಪ್ಪಲ್ಲ, ತಿರುಪು ಸಡಿಲವಿತ್ತು. ಎರಡನೆಯ ಓಟ ಅರ್ಧಕ್ಕೆ ನಿಂತಿತು. ಮೂರನೆಯದರಲ್ಲಿ ಪುಟ್ಟ ರೋಬೋಟು ಎಲ್ಲ ತಿರುವು ದಾಟಿ ಗೆರೆಯ ಕೊನೆ ಮುಟ್ಟಿತು. ಅವರಿಗೆ ಬಂದದ್ದು ಹನ್ನೊಂದನೆಯ ಸ್ಥಾನ, ಬಹುಮಾನವಿಲ್ಲ. ಆದರೂ ಸಂಜೆಯವರೆಗೆ ನನ್ನ ಅಂಚಿಗೆ ಒರಗಿ ನಿಂತು, ಬೇರೆಯವರ ರೋಬೋಟಿನಲ್ಲಿ ಏನು ಕೆಟ್ಟಿದೆ ಎಂದು ಬಿಟ್ಟಿ ಸಲಹೆ ಕೊಡುತ್ತಿದ್ದರು. ಅಂದಿನಷ್ಟು ಖುಷಿ ನನಗೆ ಇನ್ನೊಮ್ಮೆ ಆಗಿಲ್ಲ.

ಈಗ ನನಗೆ ವಯಸ್ಸಾಗಿದೆ. ಪ್ಲೈವುಡ್ ಪದರ ಬಿಟ್ಟಿದೆ, ಒಂದು ಕಾಲಿನ ಕೆಳಗೆ ಇಟ್ಟಿಗೆ ಚೂರು ಇಟ್ಟಿದ್ದಾರೆ. ಕಾಲೇಜಿಗೆ ಹೊಸ ಮೇಜು ಬಂದಾಗ, ಅಭ್ಯಾಸಕ್ಕೆ ಮೇಜಿಲ್ಲದ ಶಾಲೆಗೆ ಹಳೆಯದನ್ನು ಕೊಡೋಣ ಎಂದು ಇಟಗಿ ಸರ್ ತಾವೇ ಹೇಳಿದರು. ಹಾಗೆ ನಾನು ಅಣ್ಣಿಗೇರಿಯ ಶಾಲೆಯ ಲ್ಯಾಬಿನ ಮೂಲೆ ಸೇರಿದೆ. ಅನ್ನಪೂರ್ಣಾ ಗದಗಿನಲ್ಲಿ ಡಿಪ್ಲೊಮಾ ಓದುತ್ತಿದ್ದಾಳಂತೆ. ಇಲ್ಲಿನ ಮಕ್ಕಳು ನನ್ನ ಮೇಲೆ ದಿನಕ್ಕೆ ಹತ್ತು ಸಲ ಸೋಲುತ್ತಾರೆ. ಯಾರೂ ಮನೆಗೆ ಹೋಗುವುದಿಲ್ಲ. ಸಂಜೆ ಬೆಲ್ ಹೊಡೆದ ಮೇಲೂ ಅಲ್ಲೇ ಇರುತ್ತಾರೆ. ಶೈಲಜಾ ಟೀಚರ್ ಬಂದು ಗದರಿಸಿ ಹೊರಡಿಸಬೇಕು.