ಐದನೇ ನೆಲಮಾಳಿಗೆಯ ಹೊಂಡ

ನಾನು ಒಂದು ಗ್ರಾಫ್ ಪುಸ್ತಕ. ಮೈತುಂಬ ಹಸಿರು ಚೌಕಗಳು, ಮೇಲೆ ಕಂದು ರಟ್ಟು, ಬೆನ್ನಿಗೆ ಕಪ್ಪು ಬಟ್ಟೆಯ ಪಟ್ಟಿ. ದಾವಣಗೆರೆಯ ಹಳೇಪೇಟೆಯ ಒಂದು ಬೈಂಡಿಂಗ್ ಅಂಗಡಿಯಲ್ಲಿ ಹುಟ್ಟಿದೆ. ನನ್ನನ್ನು ಹೊಲಿದ ಹೆಂಗಸಿಗೆ ಆ ದಿನ ಯಾವುದೋ ಮದುವೆಗೆ ಹೋಗುವ ಅವಸರವಿತ್ತು. ಒಂದು ಹೊಲಿಗೆ ಬಿಟ್ಟೇ ಬಿಟ್ಟಳು. ಹಾಗಾಗಿ ಹುಟ್ಟಿದಾಗಿನಿಂದ ನನ್ನ ಒಂದು ಮೂಲೆ ಸೊಟ್ಟಗೆ ಮೇಲೆದ್ದಿದೆ. ಸ್ವಭಾವವೂ ಹಾಗೇ. ಮುಚ್ಚಿಡುವುದೇನಿದೆ, ನನಗೆ ಹೊಟ್ಟೆಕಿಚ್ಚು ಸ್ವಲ್ಪ ಜಾಸ್ತಿ.

ಅಂಗಡಿಯಲ್ಲಿ ನನ್ನ ಪಕ್ಕ ಕೆಂಪು ರಟ್ಟಿನ ಹಾಜರಿ ಪುಸ್ತಕಗಳಿದ್ದವು. ಶಾಲೆಯವರು ಬಂದು ಕಂತೆಗಟ್ಟಲೆ ಎತ್ತಿಕೊಂಡು ಹೋಗುತ್ತಿದ್ದರು. ನನ್ನನ್ನು ಮುಟ್ಟಿ ನೋಡುವವರೂ ಇರಲಿಲ್ಲ. ಒಳಗೇನಿದೆ ಅವುಗಳಲ್ಲಿ, ಬರೀ ಅಡ್ಡಗೆರೆ ಉದ್ದಗೆರೆ ಎಂದು ಮೂಗು ಮುರಿಯುತ್ತ ಎರಡು ಬೇಸಿಗೆ ಕಳೆದೆ. ಆಮೇಲೆ ಶಾಂತವೀರಪ್ಪ ಬಂದ.

ಅವನು ನನ್ನನ್ನು ಕೈಗೆತ್ತಿಕೊಂಡ ರೀತಿಯಲ್ಲೇ ಗೊತ್ತಾಯಿತು, ಇವನು ಕಾಗದ ಬಲ್ಲವನು. ಒಂದು ಹಾಳೆಯನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಉಜ್ಜಿದ. ಊರಿಗೆ ನೀರು ಬಿಡುವ ಕಚೇರಿಯಲ್ಲಿ ಅವನು ನಕ್ಷೆ ಬರೆಯುವವನು. ಯಾವ ಬೀದಿಯ ಕೆಳಗೆ ಯಾವ ಪೈಪು ಎಲ್ಲಿ ತಿರುಗುತ್ತದೆ ಎಂಬುದನ್ನು ಇಪ್ಪತ್ತಾರು ವರ್ಷ ಕೈಯಲ್ಲೇ ಬರೆದವನು. ಆದರೆ ನನ್ನನ್ನು ಕೊಂಡ ಹೊತ್ತಿಗೆ ಅವನ ಕಚೇರಿಗೆ ನಕ್ಷೆ ಬರೆಯುವ ಕಂಪ್ಯೂಟರ್ ಬಂದಿತ್ತು. ಅವನ ದೊಡ್ಡ ಹಲಗೆಯನ್ನು ಬೀರುವಿನ ಹಿಂದೆ ನಿಲ್ಲಿಸಿದ್ದರು. ದಿನವಿಡೀ ಅವನು ಹಳೇ ನಕ್ಷೆಗಳಿಗೆ ನಂಬರು ಹಾಕುತ್ತ ಕೂರುತ್ತಿದ್ದ. ಯಾರೂ ಅವನನ್ನು ಏನೂ ಕೇಳುತ್ತಿರಲಿಲ್ಲ.

ಕೇಳುವವರು ಇದ್ದದ್ದು ಒಂದೇ ಕಡೆ. ಬಕ್ಕೇಶನ ಜೆರಾಕ್ಸ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಭಾನುವಾರ ಮಧ್ಯಾಹ್ನ.

ಅಲ್ಲೂ ಒಂದು ಕಂಪ್ಯೂಟರ್ ಇತ್ತು. ಅದರೊಳಗೆ ಒಂದು ಹಳೇ ಇಂಗ್ಲಿಷ್ ಆಟ. ಒಂದು ಪಾಳು ಕೋಟೆ, ಅದರ ಕೆಳಗೆ ಏಳು ನೆಲಮಾಳಿಗೆ, ಏಳನೆಯದರಲ್ಲಿ ಬೆಂಕಿ ಉಗುಳುವ ಡ್ರ್ಯಾಗನ್. ನಾಲ್ವರು ಸಾಹಸಿಗಳನ್ನು ಕಟ್ಟಿಕೊಂಡು ಒಂದೊಂದೇ ಹೆಜ್ಜೆ ಇಡುತ್ತ ಕೆಳಗಿಳಿಯಬೇಕು. ಬಕ್ಕೇಶ ಮೌಸ್ ಹಿಡಿಯುತ್ತಿದ್ದ; ಆಟದೊಳಗಿನ ಕತ್ತಿವೀರ ಅವನು. ಹೈಸ್ಕೂಲಿನಲ್ಲಿ ಇಂಗ್ಲಿಷ್ ಕಲಿಸುವ ಜುಬೇದಾ ಟೀಚರ್ ಪರದೆಯ ಮೇಲೆ ಬರುವ ಮಾತನ್ನೆಲ್ಲ ಕನ್ನಡದಲ್ಲಿ ಹೇಳುತ್ತಿದ್ದರು. ಗಾಯ ಮಾಯಿಸುವ ವೈದ್ಯೆ ಅವರು. ಉದ್ದ ಗಡ್ಡದ ಮಂತ್ರವಾದಿ ನಮ್ಮ ಶಾಂತಣ್ಣ. ನಾಲ್ಕನೆಯ ಜಾಗ ಖಾಲಿ. ಒಂದು ಕಟ್ಟಳೆಯನ್ನು ಟೀಚರ್ ಮೊದಲ ದಿನವೇ ಮಾಡಿದ್ದರು: ಭಾನುವಾರ ಎಲ್ಲರೂ ಸೇರಿಯೇ ಆಡಬೇಕು, ಬೇರೆ ದಿನ ಯಾರೂ ಒಬ್ಬರೇ ಆಡಕೂಡದು, ಸತ್ತವರು ಸತ್ತ ಹಾಗೆಯೇ, ಹಿಂದಕ್ಕೆ ಹೋಗಿ ಬದುಕಿಸಿಕೊಳ್ಳುವಂತಿಲ್ಲ.

ಆ ಆಟ ದಾರಿ ತೋರಿಸುತ್ತಿರಲಿಲ್ಲ. ಎಲ್ಲ ಗೋಡೆಗಳೂ ಒಂದೇ ತರಹ. ಹಾಗಾಗಿ ಶಾಂತಣ್ಣ ನನ್ನ ಮೇಲೆ ಬರೆಯುತ್ತಿದ್ದ. ಒಂದು ಹೆಜ್ಜೆಗೆ ಒಂದು ಚೌಕ. ಗೋಡೆಗೆ ಕಪ್ಪು, ಬಾಗಿಲಿಗೆ ನೀಲಿ, ಅಪಾಯಕ್ಕೆ ಕೆಂಪು. ಕಚೇರಿಯಲ್ಲಿ ತುಕ್ಕು ಹಿಡಿಯುತ್ತಿದ್ದ ಕೈ ನನ್ನ ಮೇಲೆ ಹೂವಿನಷ್ಟು ಹಗುರವಾಗಿ ಓಡುತ್ತಿತ್ತು. ಪ್ರತಿ ತಿರುವಿನಲ್ಲೂ ಬಕ್ಕೇಶ ಮೌಸ್ ನಿಲ್ಲಿಸಿ ಕೇಳುತ್ತಿದ್ದ, "ಶಾಂತಣ್ಣ, ಎತ್ತ ಹೋಗಣ?"

ಆ ಒಂದು ಮಾತಿಗಾಗಿ ಅವನು ವಾರವಿಡೀ ಕಾಯುತ್ತಿದ್ದ. ನಾನೂ ಕಾಯುತ್ತಿದ್ದೆ. ಮೇಜಿನ ಮೇಲೆ ಮಂಡಕ್ಕಿ, ಮಿರ್ಚಿಯ ತಟ್ಟೆಯ ಪಕ್ಕ ನಾನು ತೆರೆದುಕೊಂಡು ಬಿದ್ದಿರುತ್ತಿದ್ದೆ. ಎಣ್ಣೆ ಕೈಯಲ್ಲಿ ನನ್ನನ್ನು ಮುಟ್ಟಲು ಶಾಂತಣ್ಣ ಯಾರನ್ನೂ ಬಿಡುತ್ತಿರಲಿಲ್ಲ. ಮೊಣಕೈ ಅಡ್ಡ ಇಟ್ಟುಕೊಂಡೇ ಬರೆಯುತ್ತಿದ್ದ. ನನಗೆ ಅದು ಬಲು ಹೆಮ್ಮೆ.

ನಾಲ್ಕನೇ ನೆಲಮಾಳಿಗೆಯಲ್ಲಿದ್ದಾಗ ಕೊಟ್ರಮ್ಮ ಬಂದಳು.

ಅವಳು ಹರಿಹರದ ಕಡೆಯ ಬಸ್ಸಿನ ಕಂಡಕ್ಟರ್. ಯಾವುದೋ ಸರ್ಟಿಫಿಕೇಟಿನ ಜೆರಾಕ್ಸ್ ಮಾಡಿಸಲು ಬಂದವಳು ಹಿಂದಿನ ಕೋಣೆಯಿಂದ ಕೇಳಿದ ಸದ್ದಿಗೆ ಇಣುಕಿದಳು. ಕಾಲೇಜಿನ ದಿನಗಳಲ್ಲಿ ಚಿಕ್ಕಪ್ಪನ ಮನೆಯಲ್ಲಿ ಇಂಥ ಆಟಗಳನ್ನು ಆಡಿದ್ದಳಂತೆ. ಬಾಗಿಲಲ್ಲೇ ನಿಂತು ಅರ್ಧ ಗಂಟೆ ನೋಡಿದಳು. ಶಾಂತಣ್ಣ ನನ್ನ ಹಾಳೆ ತಿರುವುತ್ತ ಇದ್ದಾಗ ಅಲ್ಲಿಂದಲೇ ಹೇಳಿಬಿಟ್ಟಳು, ಎಡಕ್ಕೆ ಆಗಲೇ ಹೋಗಿ ಬಂದಿದ್ದೀರಿ, ಅಲ್ಲಿ ಗೋಡೆ, ಬಲಕ್ಕೆ ಮೂರು ಹೆಜ್ಜೆ ಹೋದರೆ ಬಾಗಿಲು ಎಂದು. ಹೋದರು. ಬಾಗಿಲಿತ್ತು!

ಟೀಚರ್ ಚಪ್ಪಾಳೆ ತಟ್ಟಿದರು. ಬಕ್ಕೇಶ ಸ್ಟೂಲು ಎಳೆದು ಹಾಕಿದ. ಖಾಲಿ ಇದ್ದ ನಾಲ್ಕನೆಯ ಜಾಗಕ್ಕೆ ಕೊಟ್ರಮ್ಮನ ಹೆಸರಿನಲ್ಲಿ ಒಬ್ಬ ಕಳ್ಳಿ ಸೇರಿದಳು. ಬೀಗ ತೆರೆಯುವವಳು ಅವಳೇ, ಬೀಗದ ಕೈ ಗೊಂಚಲು ಇರುವುದೂ ಅವಳ ಸೊಂಟದಲ್ಲೇ, ಎಲ್ಲರಿಗಿಂತ ಮುಂದೆ ನಡೆಯುವವಳೂ ಅವಳೇ.

ನನಗೆ ಮೈಯೆಲ್ಲ ಉರಿದುಹೋಯಿತು. ಬಸ್ಸಿನ ನಿಲ್ದಾಣಗಳನ್ನು ನೆನಪಿಡುವ ಹಾಗೆ ಅವಳು ದಾರಿಗಳನ್ನೂ ನೆನಪಿಡುತ್ತಿದ್ದಳು. ಹಾಳೆ ಬೇಡ, ಪೆನ್ನು ಬೇಡ. ಕಣ್ಣು ಮುಚ್ಚಿ ಬೆರಳು ಮಡಚಿ ಎಣಿಸಿ ಹೇಳಿಬಿಡುತ್ತಿದ್ದಳು. ನನ್ನ ಎಷ್ಟು ಹಾಳೆಗಳ ಬೆವರು ಅವಳ ಐದು ಬೆರಳಿಗೆ ಸಮವಾಗಿಬಿಟ್ಟಿತಲ್ಲ! ಶಾಂತಣ್ಣ ಸರಿಯಾದ ಪುಟ ಹುಡುಕುವಷ್ಟರಲ್ಲಿ ಅವರು ಎರಡು ತಿರುವು ದಾಟಿರುತ್ತಿದ್ದರು. ಅವನ ಮೊಣಕೈ ನನ್ನ ಮೇಲೆ ಇನ್ನೂ ಬಿಗಿಯಾಯಿತು. ನಗು ಮುಖದಲ್ಲಿ ಮಾತ್ರ. ಅವನ ಬೆರಳು ನನ್ನ ಮೇಲಿದ್ದುದರಿಂದ ನನಗೆ ಎಲ್ಲ ತಿಳಿಯುತ್ತಿತ್ತು. ನಮ್ಮಿಬ್ಬರ ಹೊಟ್ಟೆಯುರಿ ಒಂದೇ ಆಗಿತ್ತು.

ಐದನೇ ನೆಲಮಾಳಿಗೆಗೆ ಇಳಿದ ವಾರ, ಗುರುವಾರ ಮಧ್ಯಾಹ್ನ ಅವನು ಕಚೇರಿಯ ಕಾಗದ ಜೆರಾಕ್ಸ್ ಮಾಡಿಸುವ ನೆಪದಲ್ಲಿ ಅಂಗಡಿಗೆ ಬಂದ. ಬಕ್ಕೇಶ ಊಟಕ್ಕೆ ಹೋಗಿದ್ದ. ಶಾಂತಣ್ಣ ಹಿಂದಿನ ಕೋಣೆಗೆ ಹೋಗಿ ಕಟ್ಟಳೆ ಮುರಿದು ಒಬ್ಬನೇ ಆಡಿದ. ಭಾನುವಾರ ಅವಳಿಗಿಂತ ಮೊದಲು ತಾನು ದಾರಿ ಹೇಳಬೇಕು, ಅಷ್ಟೇ ಅವನ ಆಸೆ. ಉತ್ತರದ ಓಣಿಯ ಕೊನೆಯಲ್ಲಿ ನೆಲ ಕುಸಿಯಿತು. ಕೆಳಗೆ ಶೂಲ ನೆಟ್ಟ ಹೊಂಡ. ಎಲ್ಲರಿಗಿಂತ ಮುಂದಿದ್ದ ಕಳ್ಳಿ ಬಿದ್ದು ಸತ್ತಳು. ಅವನು ಗಾಬರಿಯಾಗಿ ಏನನ್ನೂ ಉಳಿಸಿಡದೆ ಆಟ ಮುಚ್ಚಿದ. ಹಾಗಾಗಿ ಆಟದಲ್ಲಿ ಅದು ನಡೆದೇ ಇಲ್ಲದಂತಾಯಿತು. ನನ್ನ ಮೇಲೆ ಆ ಚೌಕಕ್ಕೆ ಕೆಂಪು ಬಣ್ಣ ತುಂಬಿದ. ಎಚ್ಚರಿಸಬೇಕೆಂದೇ ತುಂಬಿದ, ಸುಳ್ಳು ಹೇಳುವುದಿಲ್ಲ.

ಶನಿವಾರ ಬಕ್ಕೇಶ ದಾರಿಯಲ್ಲಿ ಸಿಕ್ಕ. ನಾನು ಶಾಂತಣ್ಣನ ಕೈಚೀಲದಲ್ಲಿದ್ದೆ. ಅದೂ ಇದೂ ಮಾತಾಡಿ ಹೊರಡುವಾಗ ಅವನು ನಗುತ್ತ ಒಂದು ಮಾತು ಎಸೆದ.

"ನಾಳೆ ಬುಕ್ಕು ಮನೇಲಿ ಬಿಟ್ಟು ಬಂದ್ರೂ ನಡೀತೈತೆ ಶಾಂತಣ್ಣ. ಕೊಟ್ರವ್ವ ಇದಾಳಲ್ಲ."

ತಮಾಷೆಯ ಮಾತು. ಆದರೆ ಶಾಂತಣ್ಣ ಮನೆಗೆ ಬಂದು ಊಟಕ್ಕೂ ಕೂರಲಿಲ್ಲ. ಡಬ್ಬಿಯಿಂದ ಅರ್ಧ ಬ್ಲೇಡು ತೆಗೆದ. ನಕ್ಷೆಯವರು ತಪ್ಪು ಗೆರೆಯನ್ನು ರಬ್ಬರಿನಲ್ಲಿ ಅಳಿಸುವುದಿಲ್ಲ. ಬ್ಲೇಡನ್ನು ನೆಟ್ಟಗೆ ಹಿಡಿದು ಮಸಿಯನ್ನು ಮಾತ್ರ ಹೆರೆಯುತ್ತಾರೆ. ಆ ಕೆಂಪು ಚೌಕವನ್ನು ಅವನು ಹಾಗೆಯೇ ಹೆರೆದ. ಹುಡಿಯನ್ನು ಊದಿದ. ಹೆಬ್ಬೆರಳ ಉಗುರಿನಿಂದ ತೀಡಿ ನುಣುಪು ಮಾಡಿದ. ಅಳಿಸಿಹೋದ ಹಸಿರು ಗೆರೆಯನ್ನೂ ಪೆನ್ಸಿಲಿನಲ್ಲಿ ಎಳೆದ. ಎಂಥ ಕೈ! ಕಣ್ಣಿಗೆ ಒಂದಿಷ್ಟೂ ಗೊತ್ತಾಗುತ್ತಿರಲಿಲ್ಲ. ನನಗೆ ನೋವಾಗಿತ್ತು, ಆದರೆ ನಾಳೆ ಅವಳ ಗರ್ವ ಇಳಿಯುತ್ತದಲ್ಲ ಎಂದು ಹಲ್ಲು ಕಚ್ಚಿ ತಡೆದುಕೊಂಡೆ.

ಭಾನುವಾರ ಉತ್ತರದ ಓಣಿಗೆ ಬಂದಾಗ ಕೊಟ್ರಮ್ಮನ ಬೆರಳೆಣಿಕೆ ನಿಂತಿತು. ಅದು ಅವಳು ನೋಡಿರದ ದಾರಿ. ಬಕ್ಕೇಶ ಮೌಸ್ ನಿಲ್ಲಿಸಿ ಬಹಳ ದಿನಗಳ ಮೇಲೆ ಆ ಮಾತು ಕೇಳಿದ, "ಶಾಂತಣ್ಣ, ಎತ್ತ ಹೋಗಣ?"

ಶಾಂತಣ್ಣನ ಬೆರಳು ಆ ಹೆರೆದ ಚೌಕದ ಮೇಲೆಯೇ ಇತ್ತು. ಈಗಲಾದರೂ ಹೇಳುತ್ತಾನೆ ಅಂದುಕೊಂಡೆ. "ಮುಂದಕ್ಕೆ," ಅಂದ.

ನೆಲ ಕುಸಿಯಿತು. ಕಳ್ಳಿ ಬಿದ್ದು ಸತ್ತಳು. ಬೀಗದ ಕೈ ಗೊಂಚಲೂ ಅವಳ ಜೊತೆ ಹೊಂಡ ಸೇರಿತು; ಅದಿಲ್ಲದೆ ಆರನೇ ನೆಲಮಾಳಿಗೆಯ ಬಾಗಿಲು ತೆರೆಯುವುದಿಲ್ಲ. ಆಮೇಲೆ ಟೀಚರ್ ಅಂದರು, ನಕ್ಷೆ ನೋಡಿ ಈ ಹೊಂಡವನ್ನು ಮೊದಲೇ ಊಹಿಸಬಹುದಿತ್ತೇನೋ, ನೋಡೋಣ ಎಂದು. ಶಾಂತಣ್ಣ ಮೊದಲ ಸಲ ಮೊಣಕೈ ತೆಗೆದು ನನ್ನನ್ನು ಬೇರೆಯವರ ಕೈಗೆ ಕೊಟ್ಟ. ನೋಡಿ, ಏನೂ ಇಲ್ಲ ಅಂದ. ಟೀಚರ್ ನೋಡಿ ಬಕ್ಕೇಶನಿಗೆ ಕೊಟ್ಟರು, ಬಕ್ಕೇಶ ಕೊಟ್ರಮ್ಮನಿಗೆ ಕೊಟ್ಟ.

ಕಂಡಕ್ಟರ್ ಕೆಲಸದವರಿಗೆ ಒಂದು ಅಭ್ಯಾಸ. ಹರಿದ ನೋಟೋ ಖೋಟಾ ನೋಟೋ ಎಂದು ಯಾವ ಕಾಗದ ಕೈಗೆ ಬಂದರೂ ಬೆಳಕಿಗೆ ಹಿಡಿದು ನೋಡುತ್ತಾರೆ. ಕೊಟ್ರಮ್ಮನ ಕೈ ತಾನಾಗಿಯೇ ಹಾಗೆ ಮಾಡಿತು. ಕಿಟಕಿಯ ಬಿಸಿಲಿಗೆ ನನ್ನ ಹಾಳೆ ಎತ್ತಿ ಹಿಡಿದಳು. ಒಂದು ಚೌಕದಲ್ಲಿ ಮಾತ್ರ ಬಿಸಿಲು ಹೆಚ್ಚಾಗಿ ಹಾಯಿತು. ಅವಳು ಅದನ್ನು ನೋಡಿದಳು, ನೋಡಿದ್ದನ್ನು ನಾನು ನೋಡಿದೆ. ನನ್ನನ್ನು ಮೆಲ್ಲಗೆ ಮುಚ್ಚಿ ಶಾಂತಣ್ಣನಿಗೆ ಕೊಟ್ಟಳು. ಡ್ಯೂಟಿಗೆ ಹೊತ್ತಾಯಿತು ಎಂದು ಎದ್ದು ಹೋದಳು.

ಮುಂದಿನ ಭಾನುವಾರ ಅವಳು ಬರಲಿಲ್ಲ. ಅದರ ಮುಂದಿನ ಭಾನುವಾರವೂ ಇಲ್ಲ. ಗೆದ್ದೆವು ಅಂತ ನಾನು ಬೀಗಬೇಕಿತ್ತು. ಎಲ್ಲಿಯ ಬೀಗುವುದು! ಬಾಗಿಲು ತೆರೆಯಲು ಬೀಗದ ಕೈ ಇಲ್ಲ, ಆಟ ಅಲ್ಲೇ ನಿಂತಿತು. ಮೂವರೂ ಮಂಡಕ್ಕಿ ತಿಂದು ಎದ್ದರು. ಎತ್ತ ಹೋಗಣ ಎಂದು ಕೇಳಲು ಹೋಗುವ ಜಾಗವೇ ಇರಲಿಲ್ಲ.

ಬುಧವಾರ ಶಾಂತಣ್ಣ ಕಚೇರಿಗೆ ರಜೆ ಹಾಕಿ ನನ್ನನ್ನು ಕಂಕುಳಲ್ಲಿ ಇಟ್ಟುಕೊಂಡು ಹರಿಹರದ ಬಸ್ಸು ಹತ್ತಿದ. ಕೊಟ್ರಮ್ಮ ಎಲ್ಲರಿಗೂ ಕೊಟ್ಟ ಹಾಗೆ ಅವನಿಗೂ ಟಿಕೆಟು ಕೊಟ್ಟು ಮುಂದೆ ಹೋದಳು. ಜನ ಇಳಿದು ಬಸ್ಸು ಖಾಲಿಯಾದ ಮೇಲೆ ಬಂದು ಎದುರಿನ ಸೀಟಿನಲ್ಲಿ ಕೂತಳು. ಅವನು ನನ್ನನ್ನು ಆ ಪುಟಕ್ಕೇ ತೆರೆದು ಅವಳ ತೊಡೆಯ ಮೇಲಿಟ್ಟ.

"ಅಲ್ಲಿ ಹಾಳಿ ತೆಳ್ಳಗೈತೆ ಅಣ್ಣಾರೆ," ಅಂದಳು. "ಅವತ್ತೇ ಕಂಡೆ."

ಶಾಂತಣ್ಣ ತಲೆ ತಗ್ಗಿಸಿದ. ಗುರುವಾರದ್ದು, ಬ್ಲೇಡಿನದು, ಎಲ್ಲ ಹೇಳಿದ. ಹೊಟ್ಟೆಕಿಚ್ಚು ಎಂಬ ಶಬ್ದವನ್ನೂ ಬಾಯಿಬಿಟ್ಟು ಆಡಿದ. ನೀನು ಎಲ್ಲ ನೆನಪಿಟ್ಟುಕೊಂಡು ಹೇಳುತ್ತಿದ್ದರೆ ನಾನು ಯಾಕೆ ಬೇಕು ಅನ್ನಿಸುತ್ತಿತ್ತು ಅಂದ. ಅವಳು ನನ್ನನ್ನು ಅವನ ಕಡೆ ತಿರುಗಿಸಿ ಹಿಡಿದಳು.

"ನೀವು ಮೊಣಕೈ ಅಡ್ಡ ಇಟ್ಕಂಡು ಬರೀತಿದ್ರಿ. ಒಂದಿನಾನೂ ತೋರಿಸ್ಲಿಲ್ಲ. ತೋರಿಸಿದ್ರೆ ನಾನ್ಯಾಕೆ ಬಾಯಿಪಾಠ ಮಾಡ್ತಿದ್ದೆ?"

ನನ್ನ ಇನ್ನೂರು ಹಾಳೆಗಳೂ ಒಮ್ಮೆಗೇ ತಣ್ಣಗಾದವು. ಆ ಮೊಣಕೈಯ ಹೆಮ್ಮೆಯಲ್ಲಿ ಉಬ್ಬಿದ್ದವನು ನಾನೂ ಅಲ್ಲವೇ? ನಾವು ಹೆದರಿದ ಎದುರಾಳಿಯನ್ನು ನಾವೇ ತಯಾರು ಮಾಡಿದ್ದೆವು.

ಭಾನುವಾರ ಎಲ್ಲರ ಎದುರು ಶಾಂತಣ್ಣ ಕೆಂಪು ಮಸಿಯಲ್ಲಿ ಆ ಚೌಕವನ್ನು ಮತ್ತೆ ತುಂಬಿದ. ಹೆರೆದ ಕಾಗದ ಮಸಿ ಹಿಡಿಯುವುದಿಲ್ಲ. ಅದು ಹರಡಿ ಸುತ್ತಲಿನ ನಾಲ್ಕು ಚೌಕವನ್ನೂ ನುಂಗಿತು. ಇದೇನು ರಾಡಿ ಎಂದು ಬಕ್ಕೇಶ ಕೇಳಿದಾಗ ಶಾಂತಣ್ಣ ಏನನ್ನೂ ಬಿಡದೆ ಹೇಳಿದ. ಬಕ್ಕೇಶನ ಮುಖ ಕಪ್ಪಿಟ್ಟಿತು. ಟೀಚರ್ ಹತ್ತನೇ ತರಗತಿಯ ಮಕ್ಕಳನ್ನು ಬೈಯುವ ಹಾಗೆ ಬೈದರು. ಶಾಂತಣ್ಣ ತನ್ನ ಮಂತ್ರವಾದಿಯನ್ನು ಹೊಂಡದ ಅಂಚಿಗೆ ಕರೆತರಲು ಬಕ್ಕೇಶನಿಗೆ ಹೇಳಿದ.

ಆ ಹೊಂಡಕ್ಕೆ ಇಳಿದವರು ಮೇಲೆ ಬರುವಂತಿರಲಿಲ್ಲ. ಆದರೆ ಮಂತ್ರವಾದಿಗೆ ಕೈಯಿಂದ ಮುಟ್ಟಿದ ವಸ್ತುಗಳನ್ನು ಗಾಳಿಯಲ್ಲಿ ತೇಲಿಸುವ ಒಂದು ಮಂತ್ರ ಗೊತ್ತಿತ್ತು. ಉದ್ದ ಗಡ್ಡದ ಮುದುಕ ಇಳಿದ. ಗೊಂಚಲು ತೇಲಿ ಮೇಲೆ ಬಂತು. ಮುದುಕ ಅಲ್ಲೇ ಉಳಿದ. ನಾಲ್ಕು ವರ್ಷ ಸಾಕಿದ ಜೀವ ಅದು; ಶಾಂತಣ್ಣ ಕನ್ನಡಕ ತೆಗೆದು ಒರೆಸಿಕೊಂಡ.

ಹೀಗೆ ಕೊಟ್ರಮ್ಮ ಮತ್ತು ಶಾಂತಣ್ಣ ಇಬ್ಬರಿಗೂ ಆಟದೊಳಗೆ ಯಾರೂ ಇಲ್ಲದಂತಾಯಿತು. ಇಬ್ಬರೂ ಒಂದೇ ಬೆಂಚಿನಲ್ಲಿ ಕೂತರು, ನಡುವೆ ನಾನು. ಅವಳು ಹೆಜ್ಜೆ ಎಣಿಸಿದಳು, ಅವನು ಬರೆದ. ಮೊಣಕೈ ಮತ್ತೆಂದೂ ಅಡ್ಡ ಬರಲಿಲ್ಲ. ತಿರುವು ಬಂದಾಗ ಮೊದಲು ಕೇಳುತ್ತಿದ್ದವಳು ಅವಳೇ, "ಎತ್ತ ಹೋಗಣ ಅಣ್ಣಾರೆ?" ಉಳಿದಿಬ್ಬರ ಬಲದಲ್ಲೇ ದೀಪಾವಳಿಯ ಮುಂದಿನ ಭಾನುವಾರ ಏಳನೇ ನೆಲಮಾಳಿಗೆಯ ಡ್ರ್ಯಾಗನ್ ಬಿತ್ತು. ಅದರ ಸಭಾಂಗಣವನ್ನು ಶಾಂತಣ್ಣ ಮೂರು ಬಣ್ಣದ ಮಸಿಯಲ್ಲಿ ಎರಡು ಪುಟದ ತುಂಬ ಬರೆದ. ಒಂದು ಗೆರೆ ಆಚೆ ಈಚೆ ಇಲ್ಲ. ನನ್ನ ಜೀವಮಾನದ ಚೆಲುವೆಲ್ಲ ಆ ಎರಡು ಪುಟದಲ್ಲಿದೆ. ಕೊನೆಗೆ ಹೆಸರು, ತಾರೀಖು ಬರೆದು ನನ್ನನ್ನು ಕೊಟ್ರಮ್ಮನ ಕೈಗೆ ಕೊಟ್ಟ.

ಈಗ ನಾನು ಹರಿಹರದಲ್ಲಿ ಅವಳ ಮನೆಯ ಗೂಡಿನಲ್ಲಿದ್ದೇನೆ, ಅವಳ ಹಳೇ ಟಿಕೆಟ್ ಪೆಟ್ಟಿಗೆಯ ಪಕ್ಕ. ರಟ್ಟು ಸವೆದಿದೆ, ಹಸಿರು ಮಾಸಿದೆ, ಸೊಟ್ಟ ಮೂಲೆ ಮಾತ್ರ ಹಾಗೇ ಇದೆ. ಬಕ್ಕೇಶನ ಅಂಗಡಿ ಮುಚ್ಚಿತು. ಶಾಂತಣ್ಣ ತೀರಿಕೊಂಡು ಮೂರು ವರ್ಷವಾಯಿತು. ಅವಳ ಮಗಳು ಮೊಬೈಲಿನಲ್ಲಿ ಅಂಥದೇ ಆಟ ಆಡುತ್ತಾಳೆ. ದಾರಿ ಅದರಲ್ಲಿ ತಾನಾಗಿಯೇ ಮೂಡುತ್ತದೆ. ನೋಡಿದಾಗೆಲ್ಲ ಹೊಟ್ಟೆ ಉರಿಯುತ್ತದೆ. ಹುಟ್ಟುಗುಣ, ಏನು ಮಾಡಲಿ.

ಮೊನ್ನೆ ಆ ಮಗಳು ಕೇಳಿದಳು, ನಿನಗೆ ಏಳೂ ನೆಲಮಾಳಿಗೆಯ ದಾರಿ ಈಗಲೂ ಬಾಯಿಗೇ ಬರುತ್ತದಲ್ಲಮ್ಮ, ಮತ್ತೆ ಈ ಹಳೇ ಬುಕ್ಕು ಯಾಕೆ ಎಂದು.

"ದಾರಿ ನೆನಪೈತೆ," ಅಂದಳು ಕೊಟ್ರಮ್ಮ. "ಅಣ್ಣಾರ ಕೈ ಹೆಂಗೆ ನೆನಪಿಟ್ಕಳ್ಳಲಿ?"

ಅಂದು ನನ್ನನ್ನು ಇಳಿಸಿ ತೆರೆದಳು. ಡ್ರ್ಯಾಗನ್ನಿನ ಸಭಾಂಗಣಕ್ಕೆ ಹೋಗುತ್ತಾಳೆ ಅಂದುಕೊಂಡು ಆ ಎರಡು ಪುಟಗಳನ್ನು ಸಡಿಲ ಬಿಟ್ಟೆ. ಇಲ್ಲ. ಎಂದಿನಂತೆ ಐದನೇ ನೆಲಮಾಳಿಗೆಗೇ ಹೋದಳು. ಆ ಕೆಂಪು ರಾಡಿಯ ಹಾಳೆಯನ್ನು ಕಿಟಕಿಯ ಬಿಸಿಲಿಗೆ ಹಿಡಿದು, ತೆಳ್ಳಗಾದ ಚೌಕವನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿ, ಮುಚ್ಚಿ ಇಟ್ಟಳು. ಮೂರು ಬಣ್ಣದ ಆ ಎರಡು ಪುಟಗಳು ಇವತ್ತಿಗೂ ಒಂದಕ್ಕೊಂದು ಅಂಟಿಕೊಂಡು ಕೂತಿವೆ. ಇನ್ನೂರು ಹಾಳೆ ಇದ್ದೂ ಅವಳು ಪ್ರೀತಿಯಿಂದ ತೆರೆಯುವುದು ಆ ಕೆಂಪು ಹಾಳೆಯೊಂದನ್ನೇ. ಹೇಳಲು ನಾಚಿಕೆಯಾಗುತ್ತದೆ, ಈಗ ನನಗೆ ಹೊಟ್ಟೆಕಿಚ್ಚು ನನ್ನದೇ ಆ ಗಾಯದ ಮೇಲೆ.